ಪೈಪ್ ಒಡೆಯುವುದೇಕೆ, ಉಳಿಸಿಕೊಳ್ಳುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಹಲವರು ಒಟ್ಟಾಗಿ ಆಡುವ ಬಾಹ್ಯಾಕಾಶ ನಿಲ್ದಾಣದ ಆಟಗಳ ಬಗ್ಗೆ ಬಂದ ಪತ್ರಗಳಲ್ಲಿ ಈ ಬಾರಿ ಹೆಚ್ಚಿನವು ಅನಿಲ ಸಾಗಿಸುವ ಪೈಪ್‌ಗಳನ್ನು ಕುರಿತೇ ಇವೆ. ಇದರಲ್ಲಿ ಅಚ್ಚರಿಯೇನಿಲ್ಲ. 2003ರಲ್ಲಿ ಬಿಯಾಂಡ್ ಎಂಬ ಆಟಗಳ ವೇದಿಕೆಯಲ್ಲಿ ಕಾಣಿಸಿಕೊಂಡ ಸ್ಪೇಸ್ ಸ್ಟೇಷನ್ 13 ಮೂಲತಃ ಗಾಳಿಯ ಹರಿವನ್ನು ಅನುಕರಿಸುವ ಪ್ರಯೋಗವಾಗಿಯೇ ಆರಂಭವಾದದ್ದು. ನಿಲ್ದಾಣ, ಸಿಬ್ಬಂದಿ, ಪಿತೂರಿ ಇವೆಲ್ಲ ಅದರ ಸುತ್ತ ಆಮೇಲೆ ಬೆಳೆದವು. ಉತ್ತರಗಳಿಗೆ ಮೊದಲು ಒಂದು ಮಾತನ್ನು ಹೇಳಲೇಬೇಕು. ಈ ಆಟಕ್ಕೆ ಒಂದೇ ರೂಪವಿಲ್ಲ. ಟಿಜಿ ಸ್ಟೇಷನ್, ಗೂನ್‌ಸ್ಟೇಷನ್, ಬೇಸ್ಟೇಷನ್ ಮೊದಲಾದ ಕವಲುಗಳೂ, ಹೊಸ ಎಂಜಿನ್‌ನಲ್ಲಿ ಮರಳಿ ಕಟ್ಟಲಾಗುತ್ತಿರುವ ಸ್ಪೇಸ್ ಸ್ಟೇಷನ್ 14 ಕೂಡ ತಮ್ಮ ತಮ್ಮ ನಿಯಮಗಳನ್ನು ಇಟ್ಟುಕೊಂಡಿವೆ. ಪೈಪ್ ಒಡೆಯುವ ನಿಯಮವನ್ನು ಕೆಲವರು ತೆಗೆದುಹಾಕಿದ್ದಾರೆ, ಕೆಲವರು ಮಿತಿಗಳನ್ನು ಏರಿಸಿದ್ದಾರೆ, ಕೆಲವರು ಇನ್ನಷ್ಟು ವಿಸ್ತರಿಸಿದ್ದಾರೆ. ಕೆಳಗೆ ಒಡೆಯುವ ಮಿತಿ ಎಂದು ಕೊಟ್ಟಿರುವ ಸಂಖ್ಯೆಗಳು ಸ್ಪೇಸ್ ಸ್ಟೇಷನ್ 13ರ ಹಳೆಯ ಕೋಡ್‌ನವು. ನಿಮ್ಮ ಸರ್ವರ್‌ನ ಸಂಖ್ಯೆ ಬೇರೆಯಾಗಿದ್ದರೂ ಲೆಕ್ಕ ಹಾಕುವ ದಾರಿ ಇದೇ.

ಪ್ರಶ್ನೆ: ಪಂಪ್ ಅನ್ನು ಗರಿಷ್ಠ ಒತ್ತಡಕ್ಕೆ ಇಟ್ಟಿದ್ದೆವು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಯಾರೂ ಮುಟ್ಟದೆಯೇ ಪೈಪ್ ಒಡೆಯಿತು. ಒತ್ತಡವೇ ಕಾರಣವಾಗಿದ್ದರೆ ಮೊದಲೇ ಒಡೆಯಬೇಕಿತ್ತಲ್ಲವೇ?

ಉತ್ತರ: ಒತ್ತಡವೇ ಕಾರಣ, ಆದರೆ ಆ ಒತ್ತಡವನ್ನು ತಂದದ್ದು ನಿಮ್ಮ ಪಂಪ್ ಅಲ್ಲ. ಸಾಮಾನ್ಯ ಒತ್ತಡ ಪಂಪ್ ಗರಿಷ್ಠ 4500 ಕಿಲೋಪಾಸ್ಕಲ್ ತನಕ ಮಾತ್ರ ಅನಿಲವನ್ನು ತಳ್ಳುತ್ತದೆ. ಒಂದು ಅಟ್ಮಾಸ್ಫಿಯರ್ ಎಂದರೆ 101.325 ಕಿಲೋಪಾಸ್ಕಲ್ ಆದ್ದರಿಂದ ಇದು ಸುಮಾರು 44 ಅಟ್ಮಾಸ್ಫಿಯರ್ ಆಯಿತು. ಹಳೆಯ ಕೋಡ್‌ನಲ್ಲಿ ಸಾಮಾನ್ಯ ಪೈಪ್‌ಗೆ ಎರಡು ಮಿತಿಗಳಿವೆ. 55 ಅಟ್ಮಾಸ್ಫಿಯರ್ ದಾಟಿದರೆ ಪೈಪ್ ದಣಿಯಲಾರಂಭಿಸುತ್ತದೆ. 70 ದಾಟಿದರೆ ನೇರವಾಗಿ ಸಿಡಿಯುತ್ತದೆ. ಅಂದರೆ ತಣ್ಣಗಿನ ಅನಿಲವನ್ನು ಒತ್ತಡ ಪಂಪ್‌ನಿಂದ ಎಷ್ಟು ಹೊತ್ತು ತುಂಬಿದರೂ ಪೈಪ್ ಒಡೆಯುವಂತಿಲ್ಲ.

ಒಡೆಯುವಂತೆ ಮಾಡುವುದು ಶಾಖ. ಆಟ ಪಾಲಿಸುವುದು ಶಾಲೆಯಲ್ಲಿ ಕಲಿತ ಆದರ್ಶ ಅನಿಲದ ಸಮೀಕರಣವನ್ನೇ: ಗಾತ್ರ ಮತ್ತು ಮೋಲ್‌ಗಳ ಸಂಖ್ಯೆ ಬದಲಾಗದಿದ್ದರೆ ಒತ್ತಡವು ಕೆಲ್ವಿನ್ ತಾಪಮಾನಕ್ಕೆ ನೇರ ಅನುಪಾತದಲ್ಲಿ ಏರುತ್ತದೆ. ನಿಮ್ಮ ಪೈಪ್‌ನಲ್ಲಿ 4500 ಕಿಲೋಪಾಸ್ಕಲ್ ಒತ್ತಡದಲ್ಲಿ 293.15 ಕೆಲ್ವಿನ್, ಅಂದರೆ 20 ಡಿಗ್ರಿ ಸೆಲ್ಸಿಯಸ್‌ನ ಅನಿಲ ಇತ್ತು ಎಂದುಕೊಳ್ಳೋಣ. ಅದು 363 ಕೆಲ್ವಿನ್‌ಗೆ, ಅಂದರೆ ಸುಮಾರು 90 ಡಿಗ್ರಿಗೆ ಕಾದರೆ ಸಾಕು, ದಣಿವಿನ ಮಿತಿ ಬಂದೇಬಿಡುತ್ತದೆ. 462 ಕೆಲ್ವಿನ್, ಅಂದರೆ ಸುಮಾರು 189 ಡಿಗ್ರಿ ತಲುಪಿದರೆ ಸಿಡಿಯುವ ಮಿತಿ. ಪಂಪ್‌ನ ಗುಂಡಿಯನ್ನು ಯಾರೂ ಮುಟ್ಟಬೇಕಾಗಿಲ್ಲ. ಎಲ್ಲೋ ಒಂದು ಕೋಣೆಗೆ ಬೆಂಕಿ ಬಿದ್ದು, ಅಲ್ಲಿನ ಸ್ಕ್ರಬ್ಬರ್ (ಕೋಣೆಯ ಕೆಟ್ಟ ಅನಿಲವನ್ನು ಹೀರುವ ಸಾಧನ) ಆ ಸುಡುವ ಅನಿಲವನ್ನು ಕೆಂಪು ತ್ಯಾಜ್ಯ ಮಾರ್ಗಕ್ಕೆ ಎಳೆದುಕೊಂಡರೆ ಸಾಕು. ಇನ್ನೂ ಕೆಟ್ಟ ಸಂಗತಿಯೆಂದರೆ ಪೈಪ್‌ನ ಒಳಗೇ ಪ್ಲಾಸ್ಮಾ (ಈ ಆಟದಲ್ಲಿ ಉರಿಯುವ ಅನಿಲ) ಮತ್ತು ಆಮ್ಲಜನಕ ಸೇರಿ 373.15 ಕೆಲ್ವಿನ್ ದಾಟಿದರೆ ಅಲ್ಲೇ ಹೊತ್ತಿಕೊಳ್ಳುತ್ತವೆ. ಹೊರಗಿನಿಂದ ಹೊಗೆಯಾಗಲಿ ಜ್ವಾಲೆಯಾಗಲಿ ಕಾಣುವುದಿಲ್ಲ.

ದಣಿವಿನ ಹಂತದಲ್ಲಿ ಪೈಪ್ ಕೂಡಲೇ ಒಡೆಯದಿರುವುದಕ್ಕೂ ಕಾರಣವಿದೆ. 55ಕ್ಕೂ 70ಕ್ಕೂ ನಡುವೆ ಆಟ ಮಾಡುವ ಪ್ರತಿ ತಪಾಸಣೆಯಲ್ಲಿ ಒಡೆಯುವ ಸಂಭವ ಶೇಕಡ 5 ಮಾತ್ರ. ಹದಿನಾಲ್ಕು ತಪಾಸಣೆಗಳಾಗುವ ಹೊತ್ತಿಗೆ ಪೈಪ್ ಒಡೆಯದೆ ಉಳಿದಿರುವ ಸಂಭವ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಆದ್ದರಿಂದ ಒಂದು ಸುತ್ತಿನಲ್ಲಿ ಬಹಳ ಹೊತ್ತು ಉಳಿದ ಪೈಪ್ ಇನ್ನೊಂದು ಸುತ್ತಿನಲ್ಲಿ ತಕ್ಷಣ ಹೋಗಬಹುದು, ಮತ್ತು ಎರಡೂ ಸಲ ನಿಮ್ಮ ವ್ಯವಸ್ಥೆ ಅಷ್ಟೇ ಅಪಾಯದಲ್ಲಿತ್ತು. ಅನಿಲದ ಒತ್ತಡ, ತಾಪಮಾನ, ಮಿಶ್ರಣ ತೋರಿಸುವ ಅನಲೈಸರ್‌ನಲ್ಲಿ 5573 ಕಿಲೋಪಾಸ್ಕಲ್‌ಗಿಂತ ಮೇಲಿನ ಅಂಕಿ ಕಂಡ ಮೇಲೂ "ಇನ್ನೂ ಒಡೆದಿಲ್ಲ" ಎಂದು ಧೈರ್ಯ ತಂದುಕೊಳ್ಳಬೇಡಿ.

ಪರಿಮಾಣ ಪಂಪ್ ಮಾತ್ರ ಬೇರೆಯೇ ಜಾತಿ. ಸೆಕೆಂಡಿಗೆ 200 ಲೀಟರ್‌ವರೆಗೆ ಸಾಗಿಸುವ ಅದು ಮುಂದಿನ ಒತ್ತಡ 9000 ಕಿಲೋಪಾಸ್ಕಲ್ ಆಗುವ ತನಕ ತಳ್ಳುತ್ತಲೇ ಇರುತ್ತದೆ. ಇದು 88 ಅಟ್ಮಾಸ್ಫಿಯರ್‌ಗೂ ಹೆಚ್ಚು. ಒಡೆಯುವ ಪೈಪ್ ಇರುವ ಸರ್ವರ್‌ನಲ್ಲಿ ವೇಗಕ್ಕಾಗಿ ಪರಿಮಾಣ ಪಂಪ್ ಹಾಕುವವರು ಮುಂದಿನ ಪೈಪ್‌ನ ಜಾತಿಯನ್ನು ಮೊದಲು ನೋಡಬೇಕು.

ಪ್ರಶ್ನೆ: ಪೈಪ್ ಒಡೆದ ಸ್ಥಳ ತಲುಪಿದ ತಕ್ಷಣ ಮೊದಲು ಮಾಡಬೇಕಾದದ್ದೇನು? ನನಗೆ ಹೊಸ ತುಂಡು ಜೋಡಿಸುವುದು ಗೊತ್ತು, ಆದರೆ ಜೋಡಿಸಿದ್ದು ಪದೇ ಪದೇ ಒಡೆಯುತ್ತದೆ.

ಉತ್ತರ: ಜೋಡಿಸುವುದು ಕೊನೆಯ ಕೆಲಸ. ಮೊದಲ ಕೆಲಸ ಅನಲೈಸರ್ ಹಿಡಿದು ಓದುವುದು. ಉಳಿದಿರುವ ಎರಡೂ ತುದಿಗಳನ್ನು ಪ್ರತ್ಯೇಕವಾಗಿ ಓದಬೇಕು, ಏಕೆಂದರೆ ನಡುವಿನ ತುಂಡು ಹೋದ ಕ್ಷಣವೇ ಒಂದು ಜಾಲ ಎರಡಾಗಿರುತ್ತದೆ. ಒಂದು ಕಡೆ ಒತ್ತಡ ಇಳಿಯುತ್ತಾ, ಇನ್ನೊಂದು ಕಡೆ ಏರುತ್ತಾ ಇದ್ದರೆ ಏರುತ್ತಿರುವ ಕಡೆಯಲ್ಲೇ ನಿಮ್ಮ ಸಮಸ್ಯೆಯ ಮೂಲವಿದೆ. ಆ ಕಡೆಯ ಪಂಪ್ ಅಥವಾ ವಾಲ್ವ್ ಮುಚ್ಚದೆ ಹೊಸ ತುಂಡು ಇಟ್ಟರೆ ಅದೂ ಅದೇ ಒತ್ತಡಕ್ಕೆ ಸಿಲುಕುತ್ತದೆ. ನೀವು ಹೇಳುವ ಪದೇ ಪದೇ ಒಡೆಯುವ ತೊಂದರೆ ಬಹುತೇಕ ಇದೇ ಆಗಿರಬೇಕು.

ಓದುವುದಕ್ಕೆ ಇನ್ನೊಂದು ಕಾರಣ ನಿಮ್ಮ ಪ್ರಾಣ. ಒಳಗಿನ ಒತ್ತಡವು ಹೊರಗಿನದಕ್ಕಿಂತ ಎರಡು ಅಟ್ಮಾಸ್ಫಿಯರ್‌ಗೂ, ಅಂದರೆ ಸುಮಾರು 203 ಕಿಲೋಪಾಸ್ಕಲ್‌ಗೂ ಹೆಚ್ಚಿರುವ ಪೈಪ್‌ಗೆ ವ್ರೆಂಚ್ ಹಾಕಿದರೆ ಹಳೆಯ ಕೋಡ್ ಬಿಚ್ಚಲು ಬಿಡುತ್ತಲೇ ಇರಲಿಲ್ಲ. ಟಿಜಿ ಸ್ಟೇಷನ್‌ನ ಈಚಿನ ಕೋಡ್ ಬಿಡುತ್ತದೆ. ಮುಖಕ್ಕೆ ಗಾಳಿ ರಭಸದಿಂದ ಬಡಿಯುತ್ತಿದೆ ಎಂದು ಮೊದಲು ಎಚ್ಚರಿಸುತ್ತದೆ, ಕೇಳದೆ ಮುಂದುವರಿದರೆ ಬಿಚ್ಚಿದವರನ್ನೇ ಎಸೆಯುತ್ತದೆ. ಆ ಎಚ್ಚರಿಕೆ ಕಂಡರೆ ಕೈ ಹಿಂತೆಗೆಯಿರಿ. ಗಡಿಬಿಡಿಯಲ್ಲಿ ಅದನ್ನು ಓದದೆ ದಾಟುವ ಹೊಸಬರನ್ನು ನೋಡಿದಾಗ ನಿಜವಾಗಿಯೂ ಬೇಸರವಾಗುತ್ತದೆ, ಏಕೆಂದರೆ ನಿಲ್ದಾಣಕ್ಕೆ ಆ ಹೊತ್ತಿನಲ್ಲಿ ಅತ್ಯಂತ ಬೇಕಾದವರು ಅವರೇ.

ಒಂದು ತುಂಡು ಒಡೆದಾಗ ಎಷ್ಟು ಅನಿಲ ಹೊರಬರುತ್ತದೆ ಎಂಬುದೂ ತಿಳಿದಿರಲಿ. ನೇರ ಪೈಪ್‌ನ ಒಂದು ತುಂಡಿನ ಗಾತ್ರ 70 ಲೀಟರ್. ನೆಲದ ಒಂದು ಚೌಕದ ಮೇಲಿನ ಗಾಳಿಯ ಗಾತ್ರ 2500 ಲೀಟರ್. 4500 ಕಿಲೋಪಾಸ್ಕಲ್‌ನಲ್ಲಿ ಆ 70 ಲೀಟರ್‌ನೊಳಗೆ ಸುಮಾರು 129 ಮೋಲ್ ಅನಿಲ ಇರುತ್ತದೆ, ಆದರೆ ಸಹಜ ಒತ್ತಡದ ಇಡೀ ಚೌಕದಲ್ಲಿ ಇರುವುದು ಸುಮಾರು 104 ಮೋಲ್. ಮೂವತ್ತೈದರಲ್ಲಿ ಒಂದು ಪಾಲು ಗಾತ್ರದ ತುಂಡಿನಲ್ಲಿ ಚೌಕಕ್ಕಿಂತ ಹೆಚ್ಚಿನ ಅನಿಲ! ಅದು ಶುದ್ಧ ಗಾಳಿಯಾಗಿದ್ದರೆ ಸುತ್ತಲಿನ ಚೌಕಗಳಿಗೆ ಹರಡಿಕೊಂಡು ತಣ್ಣಗಾಗುತ್ತದೆ. ಪ್ಲಾಸ್ಮಾ ಆಗಿದ್ದರೆ ವೆಲ್ಡರ್ ಹೊತ್ತಿಸುವುದೆಂದರೆ ಕೋಣೆಗೇ ಕಿಡಿ ಇಟ್ಟಂತೆ. ಆದ್ದರಿಂದ ಉಸಿರಾಟದ ಮುಖವಾಡ, ಅಗತ್ಯವಿದ್ದರೆ ಬೆಂಕಿ ತಡೆಯುವ ಉಡುಪು, ನಂತರ ಓದು, ನಂತರ ವಾಲ್ವ್, ಆಮೇಲಷ್ಟೇ ಉಪಕರಣ.

ಇನ್ನು ರಿಪೇರಿಯ ವಿಧಾನ ಸರ್ವರ್ ಅನ್ನು ಅವಲಂಬಿಸಿದೆ. ಹಳೆಯ ಕೋಡ್‌ನಲ್ಲಿ ಸಿಡಿದ ತುಂಡು ಪೂರ್ತಿ ಇಲ್ಲವಾಗುತ್ತದೆ. ಕ್ರೋಬಾರ್‌ನಿಂದ ನೆಲದ ಹಲಗೆ ಎತ್ತಿ, ಹೊಸ ತುಂಡನ್ನು ಸರಿಯಾದ ದಿಕ್ಕಿಗೆ ತಿರುಗಿಸಿ, ವ್ರೆಂಚ್‌ನಿಂದ ಬಿಗಿಯಬೇಕು. ಗೂನ್‌ಸ್ಟೇಷನ್‌ನಲ್ಲಿ ಬಿರುಕು ಬಿಟ್ಟ ಪೈಪ್ ಸೋರುತ್ತಾ ಅಲ್ಲೇ ಉಳಿಯುತ್ತದೆ, ಅದನ್ನು ವೆಲ್ಡಿಂಗ್ ಮಾಡಿ ಮುಚ್ಚಬಹುದು. ಪೂರ್ತಿ ನಾಶವಾದದ್ದಕ್ಕೆ ವೆಲ್ಡರ್ ಸಾಲದು. ಸ್ಪೇಸ್ ಸ್ಟೇಷನ್ 14ರಲ್ಲಿ ಮುರಿದ ಪೈಪ್‌ನ ಅವಶೇಷ ನೆಲದಲ್ಲಿ ಕಾಣುತ್ತದೆ, ಇದು ಹುಡುಕುವವರಿಗೆ ದೊಡ್ಡ ಉಪಕಾರ. ಅವಶೇಷವಿಲ್ಲದ ಕಡೆ ನೆಲದಡಿಯ ಪೈಪ್‌ಗಳನ್ನು ತೋರಿಸುವ ಟಿ-ರೇ ಸ್ಕ್ಯಾನರ್ ಹಿಡಿದು, ಸಾಲು ಎಲ್ಲಿ ತುಂಡಾಗಿದೆ ಎಂದು ನಡೆದು ನೋಡುವುದೇ ದಾರಿ.

ಪ್ರಶ್ನೆ: ತುಂಡು ಜೋಡಿಸಿದೆವು, ಸೋರಿಕೆಯೂ ಇಲ್ಲ. ಆದರೂ ಮುಂದಿನ ಕೋಣೆಗಳಿಗೆ ಗಾಳಿ ಹೋಗುತ್ತಿಲ್ಲ. ಏಕೆ?

ಉತ್ತರ: ಕಣ್ಣಿಗೆ ಜೋಡಿದಂತೆ ಕಾಣುವುದೆಲ್ಲ ಜೋಡಿರುವುದಿಲ್ಲ. ಟಿಜಿ ಕೋಡ್‌ನಲ್ಲಿ ಒಂದೇ ಚೌಕದಲ್ಲಿ ಐದು ಪದರಗಳಲ್ಲಿ ಪೈಪ್ ಹಾಕಬಹುದು. ಮೂರನೆಯ ಪದರದ ಸಾಲಿಗೆ ಎರಡನೆಯ ಪದರದ ತುಂಡನ್ನು ಇಟ್ಟರೆ ಅವು ಪಕ್ಕಪಕ್ಕದಲ್ಲಿ ಇದ್ದರೂ ಸಂಬಂಧವಿಲ್ಲದವು. ಎರಡೂ ಬದಿಗಳನ್ನು ಅನಲೈಸರ್‌ನಿಂದ ಓದಿ. ಒಂದೇ ಜಾಲವಾಗಿದ್ದರೆ ಒತ್ತಡ, ತಾಪಮಾನ, ಮಿಶ್ರಣ ಮೂರೂ ಒಂದೇ ಇರುತ್ತವೆ, ಏಕೆಂದರೆ ನಡುವೆ ಪಂಪ್ ಅಥವಾ ವಾಲ್ವ್ ಇಲ್ಲದ ಪೈಪ್‌ಗಳ ಸಾಲನ್ನು ಆಟ ಒಂದೇ ಪಾತ್ರೆಯೆಂದು ಎಣಿಸುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ಹಾಗೆ ಒಂದೇ ಪಾತ್ರೆಯಾಗುವುದರಿಂದ ಕೊನೆಯ ತುಂಡನ್ನು ಬಿಗಿದ ಕ್ಷಣವೇ ಎರಡು ಬದಿಯ ಅನಿಲಗಳೂ ಬೆರೆಯುತ್ತವೆ. ನೀಲಿ ಬಣ್ಣದ ಗಾಳಿ ಪೂರೈಕೆಯ ಮಾರ್ಗದ ಒಂದು ತುದಿಯಲ್ಲಿ ಹೇಗೋ ಪ್ಲಾಸ್ಮಾ ಸೇರಿದ್ದರೆ, ನಿಮ್ಮ ರಿಪೇರಿಯೇ ಅದನ್ನು ನಿಲ್ದಾಣದ ಎಲ್ಲ ಕೋಣೆಗಳಿಗೆ ಹಂಚಿಬಿಡುತ್ತದೆ. ಶೇಕಡ 21 ಆಮ್ಲಜನಕ, ಶೇಕಡ 79 ಸಾರಜನಕ ಎಂಬ ಅಂಕಿಗಳು ಎರಡೂ ಕಡೆ ಕಾಣುವ ತನಕ ಬಿಗಿಯಬೇಡಿ.

ಪ್ರಶ್ನೆ: ಪೈಪ್‌ಗಳನ್ನು ಬಲಪಡಿಸುವ ಸರಿಯಾದ ವಿಧಾನ ಯಾವುದು? ಎಲ್ಲವನ್ನೂ ಬಲವಾದ ಪೈಪ್‌ಗೆ ಬದಲಿಸಿದರೆ ಸಾಕೇ?

ಉತ್ತರ: ಈ ಕಂತಿನ ಮುಖ್ಯ ಪ್ರಶ್ನೆ ಇದೇ. ಹಳೆಯ ಕೋಡ್‌ನಲ್ಲಿ ಬಲವಾದ ಪೈಪ್ ಎಂದರೆ ಉಷ್ಣನಿರೋಧಕ ಪೈಪ್. ಹೆಸರು ಶಾಖದ ಬಗ್ಗೆ ಹೇಳಿದರೂ ಅದರ ನಿಜವಾದ ಗುಣ ಒತ್ತಡ ತಾಳುವುದರಲ್ಲಿದೆ: ದಣಿವಿನ ಮಿತಿ 900 ಅಟ್ಮಾಸ್ಫಿಯರ್, ಸಿಡಿಯುವ ಮಿತಿ 1000. ಮೇಲಿನ ಲೆಕ್ಕವನ್ನೇ ಮತ್ತೆ ಹಾಕಿದರೆ, 20 ಡಿಗ್ರಿಯಲ್ಲಿ 4500 ಕಿಲೋಪಾಸ್ಕಲ್‌ಗೆ ತುಂಬಿದ ಅನಿಲವು ಈ ಪೈಪ್ ಅನ್ನು ದಣಿಸಬೇಕಾದರೆ ಸುಮಾರು 5940 ಕೆಲ್ವಿನ್‌ಗೆ ಕಾಯಬೇಕು. ಸಾಮಾನ್ಯ ಪೈಪ್‌ಗೆ 363 ಸಾಕಾಗಿತ್ತು ಎಂಬುದನ್ನು ನೆನೆದರೆ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಬಿಸಿ ಅನಿಲ ಹರಿಯುವ ಕಡೆಗಳಲ್ಲಿ, ಅಂದರೆ ದಹನಕೋಣೆಯಿಂದ ಹೊರಬರುವ ಸಾಲು, ಎಂಜಿನ್‌ನ ಬಿಸಿ ಬದಿ, ಹೀಟರ್‌ನ ಮುಂದಿನ ಭಾಗ, ಇವುಗಳಿಗೆ ಇದನ್ನೇ ಹಾಕಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಎಲ್ಲವನ್ನೂ ಬದಲಿಸಿದರೆ ಸಾಕೇ ಎಂಬುದಕ್ಕೆ ನನ್ನ ಉತ್ತರ, ಸಾಲದು. ಒಂದೇ ಜಾಲದ ಎಲ್ಲ ತುಂಡುಗಳೂ ಒಂದೇ ಒತ್ತಡದಲ್ಲಿರುತ್ತವೆ. ನೀವು ಉದ್ದಕ್ಕೂ ಬಲವಾದ ಪೈಪ್ ಹಾಕಿ ಮೂಲೆಯಲ್ಲಿ ಒಂದೇ ಒಂದು ಸಾಮಾನ್ಯ ತುಂಡನ್ನು ಮರೆತರೆ ಇಡೀ ಜಾಲದ ಮಿತಿ ಆ ಒಂದು ತುಂಡಿನ ಮಿತಿಯೇ. ಕೊಂಡಿಯೊಂದು ಸವೆದ ಸರಪಳಿಯ ಹಾಗೆ, ಉಳಿದ ಕೊಂಡಿಗಳ ಗಟ್ಟಿತನ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕಿಂತ ಗಂಭೀರವಾದ ವಿಷಯ ಇನ್ನೊಂದಿದೆ. ಪೈಪ್ ಬಲವಾದಷ್ಟೂ ಅದು ಒಡೆಯುವ ಹೊತ್ತಿಗೆ ಒಳಗೆ ಕೂಡಿರುವ ಅನಿಲವೂ ಶಾಖವೂ ಹೆಚ್ಚು. 56 ಅಟ್ಮಾಸ್ಫಿಯರ್‌ನಲ್ಲಿ ಒಡೆದ ಸಾಮಾನ್ಯ ಪೈಪ್ ಒಂದು ಹಜಾರಕ್ಕೆ ತೊಂದರೆ ಕೊಡಬಹುದು. 900 ದಾಟಿದ ಮೇಲೆ ಹೋಗುವ ಪೈಪ್ ಇಡೀ ವಿಭಾಗವನ್ನೇ ತೆಗೆದುಕೊಂಡು ಹೋಗುತ್ತದೆ. ಬಲಪಡಿಸುವಿಕೆ ಮಾತ್ರ ಮಾಡಿ ಒತ್ತಡಕ್ಕೆ ಹೊರದಾರಿ ಇಡದವರು ಅಪಾಯವನ್ನು ಮುಂದೂಡಿ ದೊಡ್ಡದು ಮಾಡಿದ್ದಾರೆ, ಅಷ್ಟೇ.

ಹಾಗಾಗಿ ಬಲವಾದ ಪೈಪ್ ಹಾಕುವ ಪ್ರತಿಯೊಂದು ಕಡೆಯೂ ಹೊರದಾರಿಯನ್ನು ಅದರ ಜೊತೆಗೇ ಕಟ್ಟಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಟಿಜಿ ಕೋಡ್‌ನಲ್ಲಿ ಒತ್ತಡ ವಾಲ್ವ್ ಎಂಬ ಸಾಧನವಿದೆ. ಒಳಬದಿಯ ಒತ್ತಡ ನೀವು ನಿಗದಿಪಡಿಸಿದ ಮಟ್ಟ ದಾಟಿದಾಗ ಮಾತ್ರ ಅದು ಅನಿಲವನ್ನು ಮುಂದಕ್ಕೆ ಬಿಡುತ್ತದೆ. ಅದರ ಹೊರಬದಿಯನ್ನು ತ್ಯಾಜ್ಯ ಮಾರ್ಗಕ್ಕೋ, ಖಾಲಿ ಟ್ಯಾಂಕ್‌ಗೋ, ಬಾಹ್ಯಾಕಾಶಕ್ಕೆ ತೆರೆದ ವೆಂಟ್‌ಗೋ ಜೋಡಿಸಿ. ಮಟ್ಟವನ್ನು ಪಂಪ್‌ನ ಮಿತಿಗಿಂತ ಸ್ವಲ್ಪ ಮೇಲೆ, ದಣಿವಿನ ಮಿತಿಗಿಂತ ಸಾಕಷ್ಟು ಕೆಳಗೆ ಇಡಬೇಕು. ಸಾಮಾನ್ಯ ಪೈಪ್ ಇದ್ದರೆ 4500 ಮತ್ತು 5573ರ ನಡುವೆ ಆ ಜಾಗ ಕಿರಿದು. ಪಂಪ್ ಅನ್ನೇ ಕೆಳಗಿಳಿಸಿದರೆ ಜಾಗ ತಾನಾಗಿ ಅಗಲವಾಗುತ್ತದೆ. ನಿಜ ಹೇಳಬೇಕೆಂದರೆ ಕೋಣೆಗಳಿಗೆ ಗಾಳಿ ಕೊಡುವ ಮಾರ್ಗಕ್ಕೆ 4500 ಬೇಕಾಗಿಯೇ ಇಲ್ಲ, ಏಕೆಂದರೆ ಅದರ ತುದಿಯಲ್ಲಿರುವ ವೆಂಟ್‌ಗಳು ಕೋಣೆಯನ್ನು 101 ಕಿಲೋಪಾಸ್ಕಲ್‌ಗೆ ತಂದು ನಿಲ್ಲಿಸುತ್ತವೆ. ನಿಲ್ದಾಣ ದೊಡ್ಡದಾದರೆ, ತೂತುಗಳು ಹೆಚ್ಚಿದರೆ ಮಾತ್ರ ಒತ್ತಡ ಏರಿಸುವ ಮಾತು ಬರುತ್ತದೆ.

ಒತ್ತಡ ತಗ್ಗಿಸುವ ಮತ್ತೊಂದು ವಿಧಾನ ಗಾತ್ರವನ್ನು ಹೆಚ್ಚಿಸುವುದು. ಸಾಲಿಗೆ ಒಂದು ಖಾಲಿ ಟ್ಯಾಂಕ್ ಸೇರಿಸಿ ಒಟ್ಟು ಗಾತ್ರ ಎರಡರಷ್ಟು ಆಗುವಂತೆ ಮಾಡಿದರೆ ಅಷ್ಟೇ ಮೋಲ್‌ಗಳಿಗೆ ಒತ್ತಡ ಅರ್ಧವಾಗುತ್ತದೆ, ಹಠಾತ್ ಶಾಖ ಬಂದಾಗ ಏರಿಕೆಯೂ ನಿಧಾನವಾಗುತ್ತದೆ. ಸ್ಕ್ರಬ್ಬರ್‌ಗಳ ವಿಷಯದಲ್ಲಿ ಟಿಜಿ ಕೋಡ್ ತಾನೇ ಒಂದು ಕಾವಲು ಇಟ್ಟಿದೆ: ಪೈಪ್‌ನ ಒತ್ತಡ 50 ಅಟ್ಮಾಸ್ಫಿಯರ್ ತಲುಪಿದರೆ ಅವು ಹೀರುವುದನ್ನು ನಿಲ್ಲಿಸುತ್ತವೆ. ಇದು ಪೈಪ್ ಉಳಿಸುತ್ತದೆ, ಆದರೆ ಆ ಹೊತ್ತಿಗೆ ಉರಿಯುವ ಕೋಣೆಯಲ್ಲಿ ಹೊಗೆ ಹಾಗೆಯೇ ಉಳಿಯುತ್ತದೆ. ತ್ಯಾಜ್ಯ ಮಾರ್ಗದ ಕೊನೆಯನ್ನು ಖಾಲಿ ಮಾಡುತ್ತಾ ಇರುವುದು ಅದಕ್ಕಾಗಿಯೇ ಮುಖ್ಯ.

ಪ್ರಶ್ನೆ: ನಿಲ್ದಾಣದ ಹೊರಗೆ, ನಿರ್ವಾತದಲ್ಲಿ ಹಾದುಹೋಗುವ ಪೈಪ್ ಬೇಗ ಒಡೆಯುತ್ತದೆಯೇ?

ಉತ್ತರ: ಒತ್ತಡದ ಕಾರಣದಿಂದಲ್ಲ. ಹಳೆಯ ಕೋಡ್ ಲೆಕ್ಕ ಹಾಕುವುದು ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸವನ್ನು. ಹೊರಗೆ ಗಾಳಿ ಇಲ್ಲದಿದ್ದರೆ ಆ ವ್ಯತ್ಯಾಸ ಒಂದು ಅಟ್ಮಾಸ್ಫಿಯರ್‌ನಷ್ಟು ಹೆಚ್ಚುತ್ತದೆ. 55ರ ಮುಂದೆ ಒಂದು ಗಣ್ಯವಲ್ಲ. ಹೊರಗಿನ ಪೈಪ್‌ಗೆ ನಿಜವಾದ ಶತ್ರುಗಳು ಉಲ್ಕೆಗಳು ಮತ್ತು ಯಾರೂ ಆ ಕಡೆ ನಡೆದುಹೋಗದಿರುವುದು.

ಪ್ರಶ್ನೆ: ಪೈಪ್‌ಗಳನ್ನು ಒಂದೇ ಸಾಲಾಗಿ ಕವಲೊಡೆಯುವಂತೆ ಹಾಕಬೇಕೋ, ಸುತ್ತುಬಳಸಿ ಉಂಗುರದಂತೆ ಹಾಕಬೇಕೋ?

ಉತ್ತರ: ಒಡೆಯುವ ಪೈಪ್ ಇರುವ ಸರ್ವರ್‌ನಲ್ಲಿ ಉಂಗುರವೇ ಸರಿ. ಕವಲು ಮಾರ್ಗದಲ್ಲಿ ಬುಡದ ಹತ್ತಿರ ಒಂದು ತುಂಡು ಹೋದರೆ ಅದರ ಮುಂದಿನ ಎಲ್ಲ ವಿಭಾಗಗಳಿಗೂ ಗಾಳಿ ನಿಲ್ಲುತ್ತದೆ. ಉಂಗುರದಲ್ಲಿ ಒಂದು ತುಂಡು ಹೋದರೂ ಅನಿಲ ಇನ್ನೊಂದು ಬದಿಯಿಂದ ಎಲ್ಲರನ್ನೂ ತಲುಪುತ್ತದೆ. ಹಲವು ಕೋಡ್‌ಬೇಸ್‌ಗಳಲ್ಲಿ ಮುರಿದ ಮಾರ್ಗದ ತೆರೆದ ತುದಿ ಸೋರುವುದೇ ಇಲ್ಲ. ಒಡೆದ ತುಂಡಿನ ಪಾಲಿನ ಅನಿಲ ಮಾತ್ರ ಹೊರಬರುತ್ತದೆ. ಅಂಥ ಕಡೆ ಸಿಡಿತದ ಸದ್ದಿಗಿಂತ, ಸಂಪರ್ಕ ಕಡಿದು ದೂರದ ಕೋಣೆಯೊಂದರಲ್ಲಿ ಗಾಳಿ ಮೆಲ್ಲಗೆ ತೆಳುವಾಗುವುದು ಹೆಚ್ಚಿನ ಹಾನಿ ಮಾಡುತ್ತದೆ, ಮತ್ತು ಅದನ್ನೇ ಉಂಗುರ ತಡೆಯುತ್ತದೆ.

ತೆರೆದ ತುದಿ ಸೋರುವ ಬೇಸ್ಟೇಷನ್‌ನಂಥ ಕೋಡ್‌ಗಳಲ್ಲಿ ಉಂಗುರವೊಂದೇ ಆಪತ್ತು ತರಬಲ್ಲದು, ಏಕೆಂದರೆ ಒಂದು ತೂತಿನಿಂದ ಇಡೀ ಉಂಗುರ ಬರಿದಾಗುತ್ತದೆ. ಆದ್ದರಿಂದ ಪ್ರತಿ ವಿಭಾಗದ ಎರಡೂ ಬದಿಗೆ ಕೈಯಿಂದ ತಿರುಗಿಸುವ ವಾಲ್ವ್ ಇಡಿ. ಮುಚ್ಚಿದ ವಾಲ್ವ್ ಒಂದು ಜಾಲವನ್ನು ಎರಡಾಗಿ ಮಾಡುತ್ತದೆ. ಒಡೆದ ಭಾಗವನ್ನು ಎರಡು ವಾಲ್ವ್‌ಗಳ ನಡುವೆ ಕಟ್ಟಿಹಾಕಿ, ಉಳಿದ ನಿಲ್ದಾಣ ಉಸಿರಾಡುತ್ತಿರುವಾಗಲೇ ನಿರಾಳವಾಗಿ ಕೆಲಸ ಮಾಡಬಹುದು. ಗಾಳಿಯ ಮಾರ್ಗವನ್ನೂ ತ್ಯಾಜ್ಯದ ಮಾರ್ಗವನ್ನೂ ಒಂದೇ ಚೌಕಗಳಲ್ಲಿ ಜೋಡಿಯಾಗಿ ಹಾಯಿಸುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಜಾಗ ಉಳಿಯುತ್ತದೆ ನಿಜ, ಆದರೆ ಒಂದೇ ಬಾಂಬ್ ಎರಡನ್ನೂ ಕಡಿಯುತ್ತದೆ.

ಪ್ರಶ್ನೆ: ನಿಜವಾದ ಪೈಪ್‌ಗಳೂ ಹೀಗೆಯೇ ಒಡೆಯುತ್ತವೆಯೇ? ನಿಜವಾದ ಬಾಹ್ಯಾಕಾಶ ನಿಲ್ದಾಣದಲ್ಲಿ ಇಂಥ ರಿಪೇರಿ ನಡೆದಿದೆಯೇ?

ಉತ್ತರ: ಒತ್ತಡ ಮತ್ತು ಶಾಖದ ಸಂಬಂಧ ಹೀಗೆಯೇ. ಪೈಪ್‌ನ ತಾಳಿಕೆಯ ವಿಷಯದಲ್ಲಿ ಆಟ ಒಂದು ಮುಖ್ಯ ಅಂಶವನ್ನು ಬಿಟ್ಟಿದೆ: ನಿಜವಾದ ತೆಳುಗೋಡೆಯ ಪೈಪ್‌ನಲ್ಲಿ ಸುತ್ತಳತೆಯ ಗುಂಟ ಹುಟ್ಟುವ ಎಳೆತವು ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ಗೋಡೆಯ ದಪ್ಪದಿಂದ ಭಾಗಿಸಿದಷ್ಟು ಇರುತ್ತದೆ, ಉದ್ದದ ಗುಂಟ ಹುಟ್ಟುವುದು ಅದರ ಅರ್ಧ. ಅದರಿಂದಲೇ ಒತ್ತಡ ಹೆಚ್ಚಿ ಒಡೆಯುವ ಪೈಪ್ ಸಾಮಾನ್ಯವಾಗಿ ಉದ್ದಕ್ಕೆ ಸೀಳುತ್ತದೆ. ಅದರಿಂದಲೇ ಹೆಚ್ಚು ಒತ್ತಡಕ್ಕೆ ಸಣ್ಣ ವ್ಯಾಸದ, ದಪ್ಪ ಗೋಡೆಯ ಪೈಪ್ ಬಳಸುತ್ತಾರೆ. ಹೊಸ ಪೈಪ್‌ಗಳನ್ನು ಸಾಧ್ಯವಾದಾಗಲೆಲ್ಲ ಅನಿಲದಿಂದಲ್ಲದೆ ನೀರಿನಿಂದ ತುಂಬಿ ಪರೀಕ್ಷಿಸುವುದೂ ಇದೇ ವಿವೇಕದಿಂದ: ಒತ್ತಿದ ಅನಿಲದಲ್ಲಿ ಕೂಡಿರುವ ಶಕ್ತಿ ನೀರಿನಲ್ಲಿ ಇರುವುದಿಲ್ಲವಾದ್ದರಿಂದ ಒಡೆದರೂ ಸಿಡಿಯುವುದಿಲ್ಲ.

ನಿಲ್ದಾಣದ ರಿಪೇರಿಗಳಿಗೆ ನೈಜ ನಿದರ್ಶನಗಳಿವೆ. 1997ರಲ್ಲಿ ರಷ್ಯಾದ ಮಿರ್ ನಿಲ್ದಾಣದ ತಂಪುಕಾರಕ ಪೈಪ್‌ಗಳಿಂದ ಎಥಿಲಿನ್ ಗ್ಲೈಕಾಲ್ ಸೋರಿ, ಸಿಬ್ಬಂದಿ ಅದರ ಆವಿಯ ನಡುವೆಯೇ ಸೋರಿಕೆ ಹುಡುಕಬೇಕಾಯಿತು. 2013ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗಿನ ಅಮೋನಿಯ ವ್ಯವಸ್ಥೆ ಸೋರಿದಾಗ ಇಬ್ಬರು ಗಗನಯಾತ್ರಿಗಳು ಹೊರಗೆ ಹೋಗಿ ಪಂಪ್ ಪೆಟ್ಟಿಗೆಯನ್ನೇ ಬದಲಿಸಿದರು. 2018ರ ಆಗಸ್ಟ್‌ನಲ್ಲಿ ನಿಲ್ದಾಣಕ್ಕೆ ಜೋಡಿಕೊಂಡಿದ್ದ ಸೊಯುಜ್ ಎಂಎಸ್-09 ನೌಕೆಯಲ್ಲಿ ಸುಮಾರು 2 ಮಿಲಿಮೀಟರ್ ತೂತು ಕಂಡಾಗ ಮೊದಲು ಟೇಪ್, ನಂತರ ಎಪಾಕ್ಸಿ ಹಚ್ಚಿದ ಬಟ್ಟೆಯ ತೇಪೆ ಹಾಕಲಾಯಿತು. 2022ರ ಡಿಸೆಂಬರ್‌ನಲ್ಲಿ ಸೊಯುಜ್ ಎಂಎಸ್-22ರ ತಂಪುಕಾರಕ ಸೋರಿದ್ದು ಒಂದು ಮಿಲಿಮೀಟರ್‌ಗೂ ಕಿರಿದಾದ ತೂತಿನಿಂದ. ಅದನ್ನು ಮುಚ್ಚುವ ಪ್ರಯತ್ನ ಬಿಟ್ಟು ಸಿಬ್ಬಂದಿಗಾಗಿ ಬೇರೆ ನೌಕೆಯನ್ನೇ ಕಳುಹಿಸಿದರು. ಯಾವುದನ್ನು ತೇಪೆ ಹಾಕಬೇಕು, ಯಾವುದನ್ನು ಬದಲಿಸಬೇಕು, ಯಾವುದನ್ನು ಕೈಬಿಡಬೇಕು ಎಂಬ ಮೂರು ತೀರ್ಮಾನಗಳೂ ಇಲ್ಲಿವೆ.

ಪ್ರಶ್ನೆ: ನಾನು ಮುಚ್ಚಿದ ವಾಲ್ವ್ ಅನ್ನು ಬೇರೆ ಆಟಗಾರರು ಬಂದು ತೆರೆಯುತ್ತಾರೆ. ಕೆಲಸದ ನಡುವೆಯೇ ಪೈಪ್ ಮತ್ತೆ ತುಂಬಿಕೊಳ್ಳುತ್ತದೆ. ಇದನ್ನು ತಡೆಯುವುದು ಹೇಗೆ?

ಉತ್ತರ: ಅವರಲ್ಲಿ ಹೆಚ್ಚಿನವರು ಕೇಡು ಬಗೆಯುವವರಲ್ಲ. ತಮ್ಮ ಕೋಣೆಗೆ ಗಾಳಿ ಬರುತ್ತಿಲ್ಲವೆಂದು ಗಾಬರಿಯಾಗಿ, ಮುಚ್ಚಿರುವ ವಾಲ್ವ್ ಕಂಡು ಅದೇ ತಪ್ಪೆಂದು ತಿಳಿದು ತೆರೆಯುತ್ತಾರೆ. ಅವರಿಗೆ ಮೊದಲೇ ತಿಳಿಸದಿದ್ದರೆ ಅವರ ತೀರ್ಮಾನ ಸಹಜವೇ. ಎಂಜಿನಿಯರಿಂಗ್ ಚಾನೆಲ್‌ನಲ್ಲಿ ಮಾತ್ರ ಹೇಳಿ ಸುಮ್ಮನಾಗಬೇಡಿ. ಗಾಳಿ ನಿಲ್ಲುವ ವಿಭಾಗದವರಿಗೆ ಕೇಳುವಂತೆ ಸಾಮಾನ್ಯ ರೇಡಿಯೊದಲ್ಲಿ ಹೇಳಿ. ಹೇಳುವಾಗ ಸ್ಥಳ, ಮಾರ್ಗ, ನೀವು ಮುಚ್ಚಿದ್ದು, ಅವರು ಮಾಡಬೇಕಾದದ್ದು ನಾಲ್ಕೂ ಇರಲಿ: "ವೈದ್ಯಕೀಯ ವಿಭಾಗದ ಉತ್ತರ ಹಜಾರದಲ್ಲಿ ಗಾಳಿಯ ಪೈಪ್ ಒಡೆದಿದೆ, ಎರಡೂ ಬದಿಯ ವಾಲ್ವ್ ಮುಚ್ಚಿದ್ದೇನೆ, ನಾನು ಹೇಳುವ ತನಕ ತೆರೆಯಬೇಡಿ, ಉಸಿರಾಟ ಕಷ್ಟವಾದರೆ ಟ್ಯಾಂಕ್ ಹಾಕಿಕೊಂಡು ದಕ್ಷಿಣದ ಹಜಾರಕ್ಕೆ ಬನ್ನಿ." ವಾಲ್ವ್‌ನ ಪಕ್ಕದಲ್ಲಿ ಒಂದು ಕಾಗದ ಬರೆದಿಡುವುದೂ ಒಳ್ಳೆಯದು, ಏಕೆಂದರೆ ತಡವಾಗಿ ಸುತ್ತಿಗೆ ಸೇರಿದವರು ನಿಮ್ಮ ರೇಡಿಯೊ ಮಾತನ್ನು ಕೇಳಿರುವುದಿಲ್ಲ. ಇಬ್ಬರಿದ್ದರೆ ಒಬ್ಬರು ವಾಲ್ವ್ ಬಳಿ ನಿಲ್ಲಲಿ, ಇನ್ನೊಬ್ಬರು ವ್ರೆಂಚ್ ಹಿಡಿಯಲಿ. ಕೆಲಸ ಮುಗಿದ ಮೇಲೆ ವಾಲ್ವ್ ತೆರೆದು, ದೂರದ ಕೋಣೆಯ ಗಾಳಿಯ ಸ್ಥಿತಿ ತೋರಿಸುವ ಏರ್ ಅಲಾರಂನಲ್ಲಿ ಒತ್ತಡ 101ರ ಹತ್ತಿರ ಬಂದದ್ದನ್ನು ಓದಿ, ಆ ವಿಭಾಗದವರಿಗೆ ರೇಡಿಯೊದಲ್ಲಿ ತಿಳಿಸಿ, ಕಾಗದವನ್ನು ತೆಗೆದುಹಾಕಿ.